ಮನೆಗೆ ಅಕ್ಕಿ ಬಂದಿದೆ, ತಾಯಿ ಉಂಡಿದ್ದಾಳೆಯೇ? ಅಸಂಘಟಿತ ದುಡಿಮೆಯ ತಾಯಂದಿರ ಹಸಿವು ಮತ್ತು ಮನಸ್ಸಿನ ಆರೋಗ್ಯ

ವರ್ತೂರಿನ ಆರೋಗ್ಯ ಕಾರ್ಯಕರ್ತೆ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೂರ್ವ ಅಂಚಿನ ಶೀಟಿನ ಮನೆಗಳ ವಸತಿಗಳಲ್ಲಿ ನಾನು ಸಮುದಾಯ ಆರೋಗ್ಯದ ಕೆಲಸ ಮಾಡುತ್ತೇನೆ. ಇಲ್ಲಿರುವವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ದುಡಿಯಲು ಬಂದವರು. ಗಂಡಸರು ಗಾರೆ ಕೆಲಸಕ್ಕೆ ಹೋಗುತ್ತಾರೆ, ಹೆಂಗಸರು ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ, ಸಂಜೆ ಬಂದು ತಮ್ಮ ಮನೆಯ ಒಲೆ ಹಚ್ಚುತ್ತಾರೆ. ಕೈಗೂಸುಗಳಿರುವ ತಾಯಂದಿರೂ ಇವರಲ್ಲಿದ್ದಾರೆ.

ಆರೋಗ್ಯ ಶಿಬಿರ ನಡೆದಾಗ ಈ ತಾಯಂದಿರು ಹೇಳಿಕೊಳ್ಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ: ತಲೆನೋವು, ಎದೆ ಡವಡವ ಎನ್ನುವುದು, ಕೈಕಾಲು ಸೋಲುವುದು, ರಾತ್ರಿ ನಿದ್ದೆ ಹತ್ತದಿರುವುದು, ಮಕ್ಕಳ ಮೇಲೆ ವಿನಾಕಾರಣ ಸಿಟ್ಟು ಬರುವುದು. ಕಬ್ಬಿಣಾಂಶದ ಮಾತ್ರೆ, ಬಿ ಕಾಂಪ್ಲೆಕ್ಸ್ ಮತ್ತು ನೋವಿನ ಮಾತ್ರೆ ಕೊಟ್ಟು ಕಳುಹಿಸಲಾಗುತ್ತದೆ. ಒಬ್ಬ ತಾಯಿಯ ಬಳಿ ಕುಳಿತು ಹಿಂದಿನ ದಿನ ಬೆಳಗಿನಿಂದ ಏನೇನು ತಿಂದಿರಿ ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಬೆಳಿಗ್ಗೆ ಮಕ್ಕಳಿಗೆ ಚಿತ್ರಾನ್ನ ಮಾಡಿಟ್ಟು ತಾನು ಚಹಾ ಕುಡಿದು ಹೊರಟಿದ್ದರು. ಕೆಲಸದ ಒಂದು ಮನೆಯಲ್ಲಿ ಎರಡು ಬಿಸ್ಕತ್ತು ಕೊಟ್ಟಿದ್ದರು. ಮೂರು ಗಂಟೆಗೆ ಬಂದಾಗ ಪಾತ್ರೆಯ ತಳದಲ್ಲಿದ್ದ ಅನ್ನವನ್ನು ಶಾಲೆಯಿಂದ ಬರುವ ಮಗನಿಗೆಂದು ಬಿಟ್ಟಿದ್ದರು. ರಾತ್ರಿ ಎಲ್ಲರದ್ದೂ ಆದ ಮೇಲೆ ಉಳಿದ ಅನ್ನಕ್ಕೆ ಉಪ್ಪು, ಖಾರ ಕಲಸಿಕೊಂಡಿದ್ದರು. ನೀರನ್ನೂ ಹೊತ್ತುಗೊತ್ತಿಗೆ ಕುಡಿದಿರಲಿಲ್ಲ, ಏಕೆಂದರೆ ಕೆಲಸ ಮಾಡುವ ಮನೆಗಳಲ್ಲಿ ಶೌಚಾಲಯ ಬಳಸಲು ಬಿಡುವುದಿಲ್ಲ. ಆ ತಲೆನೋವು ಎಲ್ಲಿಂದ ಬಂತೆಂದು ಹುಡುಕಲು ಬೇರೆ ಪರೀಕ್ಷೆ ಬೇಕಿರಲಿಲ್ಲ. ಆದರೆ ಅವರ ಮಾತು ಅಲ್ಲಿಗೆ ನಿಲ್ಲಲಿಲ್ಲ. "ಹೊಟ್ಟಿ ಹಸಿವು ತಡ್ಕೋಬೋದ್ರಿ ಅಕ್ಕಾ, ನಾಳಿ ಮಕ್ಕಳಿಗಿ ಏನ್ ಹಾಕ್ಲಿ ಅನ್ನೂದು ನಿದ್ದಿ ಮಾಡ್ಲಿಕ್ ಬಿಡಂಗಿಲ್ಲ" ಎಂದರು.

ನನ್ನ ಪ್ರಶ್ನೆ ಇದು. ಹಸಿವನ್ನು ಆಹಾರ ಇಲಾಖೆ ಕೇಳುತ್ತದೆ, ಅದೂ ಕುಟುಂಬವನ್ನು ಲೆಕ್ಕಕ್ಕೆ ಹಿಡಿದು. ಮನಸ್ಸಿನ ಸಂಕಟವನ್ನು ಆರೋಗ್ಯ ಇಲಾಖೆ ಕೇಳುತ್ತದೆ, ಅದೂ ಯಾರಾದರೂ ಕುಸಿದು ಆಸ್ಪತ್ರೆಗೆ ಬಂದ ಮೇಲೆ. ಎರಡೂ ಒಬ್ಬಳೇ ತಾಯಿಯ ಮೈಯಲ್ಲಿ ಒಟ್ಟಿಗೆ ಇರುವಾಗ ಅವಳನ್ನು ಪ್ರತ್ಯೇಕವಾಗಿ ಮಾತನಾಡಿಸಿ ಎರಡನ್ನೂ ಒಟ್ಟಿಗೆ ಕೇಳುವ ಜಾಗ ಯಾವುದು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆಹಾರದ ಅಭದ್ರತೆಯನ್ನು ಅಳೆಯಲು ಬಳಸುವ ಎಂಟು ಪ್ರಶ್ನೆಗಳಲ್ಲಿ ಮೊದಲನೆಯದೇ, ಹಣವಿಲ್ಲದೆ ಊಟಕ್ಕೆ ಸಾಲದೇ ಹೋದೀತೆಂಬ ಚಿಂತೆ ನಿಮ್ಮನ್ನು ಕಾಡಿತ್ತೇ ಎಂಬುದು. ದಿನವಿಡೀ ಉಪವಾಸ ಬಿದ್ದಿದ್ದು ಕೊನೆಯ ಪ್ರಶ್ನೆ. ತಟ್ಟೆ ಬರಿದಾಗುವ ಮೊದಲೇ ಮನಸ್ಸು ಬಳಲಲು ಆರಂಭಿಸುತ್ತದೆ ಎಂಬುದನ್ನು ಆ ಅಳತೆಗೋಲೇ ಒಪ್ಪಿಕೊಂಡಿದೆ. ನಿಮ್ಮ ನಿಮ್ಮ ಊರುಗಳಲ್ಲಿ ಕಂಡದ್ದನ್ನು ದಯವಿಟ್ಟು ಬರೆಯಿರಿ.

ಅಂಗನವಾಡಿ ಟೀಚರ್, ದೇವದುರ್ಗ ತಾಲ್ಲೂಕು

ಮೇಡಂ, ನೀವು ಅಲ್ಲಿ ನೋಡುತ್ತಿರುವ ತಾಯಂದಿರು ಇಲ್ಲಿಂದ ಗುಳೆ ಹೋದವರೇ ಇರಬಹುದು. ಇಲ್ಲೇ ಉಳಿದವರ ಸಂಗತಿಯನ್ನು ನಾನು ಹೇಳುತ್ತೇನೆ.

ಗರ್ಭಿಣಿಯರಿಗೂ ಹೆರಿಗೆಯಾಗಿ ಆರು ತಿಂಗಳವರೆಗಿನ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂತು. ತಿಂಗಳಿಗೆ 25 ದಿನ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಕೇಂದ್ರದಲ್ಲೇ ಕುಳಿತು ಉಣ್ಣಬೇಕೆಂದು ನಿಯಮ ಮಾಡಿದ್ದಕ್ಕೂ ಅರ್ಥವಿತ್ತು: ಮನೆಗೆ ಕೊಟ್ಟ ಆಹಾರ ಹಂಚಿ ಹೋಗುತ್ತದೆ, ತಾಯಿಯ ಪಾಲಿಗೆ ಉಳಿಯುವುದಿಲ್ಲ. ಆ ಉದ್ದೇಶವನ್ನು ನಾನು ಇಂದಿಗೂ ಒಪ್ಪುತ್ತೇನೆ.

ಆದರೆ ಮಧ್ಯಾಹ್ನದ ಹೊತ್ತಿಗೆ ಬರಲು ಸಾಧ್ಯವಾಗುವುದು ಮನೆಯಲ್ಲಿ ಇರುವವಳಿಗೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಹೊಲ ಊರಿಂದ ದೂರ ಇರುತ್ತದೆ. ನಡುವೆ ಎದ್ದು ಬಂದರೆ ಕೂಲಿ ಹೋಗುತ್ತದೆ. ಹೀಗಾಗಿ ಊಟ ಎಲ್ಲರಿಗಿಂತ ಹೆಚ್ಚು ಬೇಕಾದವಳೇ ಹಾಜರಿ ಪುಸ್ತಕದಲ್ಲಿ ಗೈರುಹಾಜರಾಗಿರುತ್ತಾಳೆ, ಮತ್ತು ಮೇಲಿನಿಂದ ನೋಡುವವರಿಗೆ ಆಕೆಗೆ ಆಸಕ್ತಿಯಿಲ್ಲ ಎಂದು ಕಾಣುತ್ತದೆ. ಹೊಲಕ್ಕೆ ಹೋಗುವ ಮುನ್ನ ಕೂಸನ್ನು ನನ್ನ ಕೈಗೆ ಕೊಟ್ಟು "ಟೀಚರ್, ಇವತ್ತು ಎದಿಹಾಲು ಬಂದಿಲ್ಲ" ಎಂದು ತಲೆ ತಗ್ಗಿಸಿ ನಿಂತ ಹೆಣ್ಣುಮಗಳನ್ನು ಸಹಾಯಕಿ ಮತ್ತು ನಾನು ಒಳಗೆ ಕರೆದು ಕೂಡಿಸಿದೆವು. ಹಾಲು ಕಡಿಮೆಯಾಗಿದ್ದು ತನ್ನ ತಪ್ಪು, ತಾನು ಕೆಟ್ಟ ತಾಯಿ ಎಂಬ ಮಾತನ್ನು ಆಕೆ ಮತ್ತೆ ಮತ್ತೆ ಆಡುತ್ತಿದ್ದಳು. ಹಿಂದಿನ ರಾತ್ರಿ ಆಕೆ ಉಂಡಿರಲಿಲ್ಲ ಎಂಬುದು ಕೇಳಿದ ಮೇಲೆ ತಿಳಿಯಿತು.

ಇನ್ನು ಆರು ತಿಂಗಳಾದ ಕೂಡಲೇ ಹೆಸರು ತೆಗೆಯಬೇಕಾಗುತ್ತದೆ. ಹೆಚ್ಚಿನವರು ಪೂರ್ತಿಯಾಗಿ ಕೂಲಿಗೆ ಮರಳುವುದು ಆ ಹೊತ್ತಿಗೇ. ದುಡಿಮೆ ಹೆಚ್ಚಾಗುವಾಗ ಊಟ ನಿಲ್ಲುತ್ತದೆ.

ನಿವೃತ್ತ ಆಹಾರ ನಿರೀಕ್ಷಕ, ಹಾಸನ

ಇಬ್ಬರೂ ಬರೆದಿರುವುದನ್ನು ಗೌರವದಿಂದಲೇ ಓದಿದೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಲು ಬಯಸುತ್ತೇನೆ. ನಾನು ಇಲಾಖೆಗೆ ಸೇರಿದ ಕಾಲಕ್ಕೂ ಈಗಿನ ಕಾಲಕ್ಕೂ ಅಜಗಜಾಂತರವಿದೆ. 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಿಗುತ್ತದೆ. ಅದರ ಮೇಲೆ ನಮ್ಮ ರಾಜ್ಯ ಅನ್ನಭಾಗ್ಯದಲ್ಲಿ ಇನ್ನೂ 5 ಕಿಲೋ ಕೊಡುವುದಾಗಿ ಹೇಳಿ, ಅಕ್ಕಿ ದೊರೆಯದಿದ್ದಾಗ 2023ರ ಜುಲೈನಿಂದ ಒಬ್ಬರಿಗೆ 170 ರೂಪಾಯಿಯಂತೆ ಹಣವನ್ನೇ ಕೊಟ್ಟಿತು. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಹೋಗುತ್ತದೆ. ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಇಷ್ಟೆಲ್ಲ ಇರುವಾಗ ತಾಯಿ ಉಪವಾಸವಿರುವುದಕ್ಕೆ ಕಾರಣ ಕೊರತೆಯಲ್ಲ, ಮನೆಯೊಳಗಿನ ರೂಢಿ ಅಥವಾ ಗಂಡನ ಕುಡಿತ ಇರಬೇಕು ಎಂದು ನನಗೆ ತೋರುತ್ತದೆ. ಹಾಗಿದ್ದರೆ ಪರಿಹಾರವನ್ನೂ ಅಲ್ಲಿಯೇ ಹುಡುಕಬೇಕಲ್ಲವೇ?

ಮನೆಗೆಲಸ ಕಾರ್ಮಿಕರ ಸಂಘದ ಕಾರ್ಯಕರ್ತೆ, ಬೆಂಗಳೂರು

ಸರ್, ನೀವು ಎತ್ತಿದ ಪ್ರಶ್ನೆ ಅನೇಕರ ಮನಸ್ಸಿನಲ್ಲಿದೆ, ಆದ್ದರಿಂದ ವಿವರವಾಗಿಯೇ ಉತ್ತರಿಸುತ್ತೇನೆ. ಈ ಯೋಜನೆಗಳು ಇಲ್ಲದಿದ್ದರೆ ನಮ್ಮ ಸದಸ್ಯರ ಪಾಡು ಏನಾಗುತ್ತಿತ್ತೆಂದು ಊಹಿಸಲೂ ಆಗುವುದಿಲ್ಲ. ಅವನ್ನು ನಾನು ಎಲ್ಲಿಯೂ ಕೀಳಾಗಿ ಕಾಣುವುದಿಲ್ಲ. ಆದರೆ ಅವು ತಲುಪಬೇಕಾದವಳನ್ನು ತಲುಪುವ ದಾರಿಯನ್ನು ನೋಡೋಣ.

ಆಹಾರ ಭದ್ರತಾ ಕಾಯಿದೆಯ 13ನೇ ಸೆಕ್ಷನ್ ಪ್ರಕಾರ ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥೆ ಎಂದರೆ ಹದಿನೆಂಟು ತುಂಬಿದ ಹೆಂಗಸರಲ್ಲಿ ಹಿರಿಯವಳು. ಗೃಹಲಕ್ಷ್ಮಿಯೂ ಅದೇ ಯಜಮಾನಿಯನ್ನು ಹಿಡಿದು ನಡೆಯುತ್ತದೆ. ಹೆಂಗಸಿನ ಹೆಸರಿಗೆ ಬಂದದ್ದು ದೊಡ್ಡ ಹೆಜ್ಜೆಯೇ, ಸಂಶಯವಿಲ್ಲ. ಆದರೆ ಇಪ್ಪತ್ತೆರಡು ವರ್ಷದ, ಕೈಯಲ್ಲೊಂದು ಹೊಟ್ಟೆಯಲ್ಲೊಂದು ಮಗುವಿರುವ ಸೊಸೆಗೆ ಯಜಮಾನಿಯೆಂದರೆ ಊರಿನಲ್ಲಿರುವ ಅತ್ತೆ. ಕಾರ್ಡು ಅಲ್ಲಿ, ಹಣ ಅಲ್ಲಿ, ಅಕ್ಕಿಯೂ ಅಲ್ಲಿ. ರಾಜ್ಯದ ಯಾವ ಅಂಗಡಿಯಲ್ಲಾದರೂ ಪಡಿತರ ಪಡೆಯಬಹುದೆಂಬ ಸೌಲಭ್ಯವನ್ನು ಸೊಸೆ ಬಳಸಿಕೊಂಡರೆ ಅತ್ತೆಯ ಪಾಲಿನ ಜತೆಗೆ ಸಂಬಂಧವೂ ಕೆಡುತ್ತದೆ. ಬೇರೆ ಕಾರ್ಡು ಮಾಡಿಸಲು ಹೊರಟರೆ ಹೊಸ ಅರ್ಜಿಗಳಿಗೆ ಅವಕಾಶ ಸಿಗುವುದೇ ಅಪರೂಪ. ಕಾರ್ಡು ಕೈಯಲ್ಲಿದ್ದರೂ ಪಾತ್ರೆ ತೊಳೆಯುವ ಪುಡಿಗೆ ಸವೆದ ಬೆರಳು ರೇಷನ್ ಅಂಗಡಿಯ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ. ನಾಳೆ ಬನ್ನಿ ಎಂದಾಗ ಮತ್ತೊಂದು ಬೆಳಗಿನ ಕೆಲಸ ತಪ್ಪುತ್ತದೆ.

ಅಕ್ಕಿ ಬಂದಿತೆಂದೇ ಇಟ್ಟುಕೊಳ್ಳೋಣ. ಅದು ಬೇಯಬೇಕು. ಸಿಲಿಂಡರ್ ಸಂಪರ್ಕಕ್ಕೆ ವಿಳಾಸದ ದಾಖಲೆ ಇಲ್ಲದವರು ಚಿಕ್ಕ ಸಿಲಿಂಡರಿಗೆ ಕಿಲೋ ಲೆಕ್ಕದಲ್ಲಿ ಗ್ಯಾಸ್ ತುಂಬಿಸಿಕೊಳ್ಳುತ್ತಾರೆ, ಹೆಚ್ಚು ಬೆಲೆ ಕೊಟ್ಟು. ಬೇಳೆ, ಎಣ್ಣೆ, ತರಕಾರಿ ಎಲ್ಲವೂ ಅಂಗಡಿಯ ಉದ್ದರಿ. ಸಂಬಳ ಬರುವುದು ತಿಂಗಳ ಮೊದಲ ವಾರ; ಅದರಲ್ಲಿ ಶೀಟಿನ ಮನೆಯ ಬಾಡಿಗೆ, ಅಂಗಡಿಯ ಹಳೆಯ ಬಾಕಿ, ಮೈಕ್ರೋಫೈನಾನ್ಸ್ ಗುಂಪು ಸಾಲದ ಕಂತು ಹೋದರೆ ಇಪ್ಪತ್ತನೇ ತಾರೀಖಿನ ಮೇಲೆ ಕೈ ಖಾಲಿ. ಎಲ್ಲಕ್ಕಿಂತ ಮೊದಲು ಕಟ್ಟಬೇಕಾದದ್ದು ವಾರದ ಕಂತು, ಏಕೆಂದರೆ ಅದು ತಪ್ಪಿದರೆ ಗುಂಪಿನ ಉಳಿದ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತೆಂದರೆ ಅದರ ಒತ್ತಡ ಎಷ್ಟಿತ್ತೆಂದು ತಿಳಿಯುತ್ತದೆ. ಬಾಡಿಗೆ ಕಡಿಮೆ ಮಾಡಲಾಗದು, ಕಂತು ಕಡಿಮೆ ಮಾಡಲಾಗದು, ಮಕ್ಕಳ ತಟ್ಟೆಯನ್ನು ಕಡಿಮೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಯಾರನ್ನೂ ಕೇಳದೆ ಕಡಿಮೆ ಮಾಡಬಹುದಾದದ್ದು ತನ್ನ ಊಟವನ್ನು ಮಾತ್ರ. ಅದನ್ನು ಆಕೆ ರೂಢಿಯಿಂದಲೂ ಮಾಡುತ್ತಾಳೆ, ಕೊರತೆಯಿಂದಲೂ ಮಾಡುತ್ತಾಳೆ. ಎರಡನ್ನೂ ಬೇರ್ಪಡಿಸಿ ಇದು ಮನೆಯ ವಿಷಯ ಎಂದು ಬಿಡುವುದು ಸರಿಯಾಗದು.

ಗಂಡನ ಕುಡಿತದ ವಿಷಯ ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗಂಡನಿಲ್ಲದೆ ಒಬ್ಬಳೇ ಮಕ್ಕಳನ್ನು ಸಾಕುವ ಸದಸ್ಯೆಯರ ತಟ್ಟೆಯೂ ಹೀಗೆಯೇ ಇದೆ.

ತಾಲ್ಲೂಕು ಆಸ್ಪತ್ರೆಯ ವೈದ್ಯ

ವೈದ್ಯನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ಇಲ್ಲಿ ಎರಡು ಬಗೆಯ ಅಪಾಯಗಳಿವೆ.

ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ರಕ್ತಹೀನತೆಯ ಸುಸ್ತು, ಎದೆಬಡಿತ, ಗಮನವಿಲ್ಲದಿರುವುದು, ಸಿಡುಕು ಇವೆಲ್ಲ ಖಿನ್ನತೆಯ ಲಕ್ಷಣಗಳ ಜತೆಗೆ ಬೆರೆತುಹೋಗುತ್ತವೆ. ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಎರಡು ನಿಮಿಷ ಸಿಗುವಾಗ ಕಣ್ಣಿನ ರೆಪ್ಪೆ ಎಳೆದು ನೋಡಿ ಮಾತ್ರೆ ಬರೆದುಬಿಡುವುದು ಸುಲಭ. ಆಗ ಖಿನ್ನತೆ ರಕ್ತಹೀನತೆಯ ಹಿಂದೆ ಅಡಗಿ ಉಳಿಯುತ್ತದೆ. ಇದು ಮೊದಲನೆಯ ಅಪಾಯ.

ಎರಡನೆಯದು ಇದಕ್ಕೆ ವಿರುದ್ಧವಾದದ್ದು. ಹಸಿದವಳ ಚಿಂತೆಗೆ ಕಾಯಿಲೆಯ ಹೆಸರಿಟ್ಟು, ಖಿನ್ನತೆಯ ಮಾತ್ರೆ ಕೊಟ್ಟು ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವುದು. ನಾಳೆಯ ಊಟಕ್ಕೆ ಗತಿಯಿಲ್ಲದವಳಿಗೆ ಚಿಂತೆಯಾಗುವುದು ಮನಸ್ಸಿನ ದೋಷವಲ್ಲ. ಆದರೆ ಇದೇ ಮಾತನ್ನು ಅತಿಗೆ ಒಯ್ದು, ಊಟ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ, ಅದೂ ತಪ್ಪು. ವಾರಗಟ್ಟಲೆ ಮಂಕಾಗಿ ಕುಳಿತಿರುವವಳು, ಮಗು ಅತ್ತರೂ ಎತ್ತಿಕೊಳ್ಳಲು ಮನಸ್ಸು ಬಾರದವಳು, ಬದುಕಿ ಏನು ಪ್ರಯೋಜನ ಎನ್ನುವವಳು, ಇವರಿಗೆ ಊಟದ ಜತೆಗೆ ಚಿಕಿತ್ಸೆಯೂ ಬೇಕು. ಖಿನ್ನತೆ ಬಂದ ಮೇಲೆ ಅದೇ ಹಸಿವನ್ನು ಹೆಚ್ಚಿಸುತ್ತದೆ: ಕೆಲಸ ತಪ್ಪುತ್ತದೆ, ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುವ ಕಸುವಿರುವುದಿಲ್ಲ, ಎದುರಿಗೆ ತಟ್ಟೆ ಇದ್ದರೂ ತುತ್ತು ಇಳಿಯುವುದಿಲ್ಲ.

ಚಿಕಿತ್ಸೆಯ ವಿವರದಲ್ಲೂ ಹಸಿವು ಅಡ್ಡ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದ ಕಬ್ಬಿಣದ ಮಾತ್ರೆ ಹೊಟ್ಟೆ ಉರಿಸುತ್ತದೆ, ಖಿನ್ನತೆಯ ಅನೇಕ ಮಾತ್ರೆಗಳು ಮೊದಲ ದಿನಗಳಲ್ಲಿ ವಾಕರಿಕೆ ತರುತ್ತವೆ. ಊಟವಾದ ಮೇಲೆ ತೆಗೆದುಕೊಳ್ಳಿ ಎಂದು ಚೀಟಿಯಲ್ಲಿ ಬರೆಯುವಾಗ ಊಟ ಯಾವ ಹೊತ್ತಿಗೆ ಎಂದು ನಾವು ಕೇಳುವುದಿಲ್ಲ. ಮಾತ್ರೆ ನಿಲ್ಲಿಸಿದರೆಂದು ಆಮೇಲೆ ಅವರನ್ನೇ ಗದರಿಸುತ್ತೇವೆ.

ನಮ್ಮ ರಾಜ್ಯಕ್ಕೆ ಈ ಕೆಲಸ ಹೊಸದೇನೂ ಅಲ್ಲ. ಜಿಲ್ಲೆಯ ಮಟ್ಟದಲ್ಲಿ, ಸಾಮಾನ್ಯ ಆರೋಗ್ಯ ಸಿಬ್ಬಂದಿಯ ಮೂಲಕ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಬಾಣಂತಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ದಿನಗೂಲಿಯವಳಿಗೆ ಆ ಮಂಗಳವಾರ ಎಂದರೆ ಒಂದು ದಿನದ ಕೂಲಿ, ಎಂಬುದನ್ನು ಮಾತ್ರ ನಾವು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಬಂಟ್ವಾಳದ ಓದುಗಿ

ನಾನು ಬೀಡಿ ಕಟ್ಟುವ ಮನೆಯಲ್ಲಿ ಬೆಳೆದವಳು, ಈಗ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಬೀಡಿಯ ಮಾತು ಬಂದಿಲ್ಲವಾದ್ದರಿಂದ ಬರೆಯಬೇಕೆನಿಸಿತು.

ಮನೆಯಲ್ಲೇ ಕುಳಿತು ಮಾಡುವ ಕೆಲಸವಾದ್ದರಿಂದ ತಾಯಂದಿರಿಗೆ ಅನುಕೂಲ ಎಂದು ಹೊರಗಿನವರು ತಿಳಿಯುತ್ತಾರೆ. ಕೂಲಿ ಇರುವುದು ಸಾವಿರ ಬೀಡಿಯ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಿ ಅಲ್ಲ. ಆದ್ದರಿಂದ ಊಟಕ್ಕೆ ಏಳುವುದೂ ನಷ್ಟ. ನನ್ನ ಅಮ್ಮ ತಡ್ಪೆಯನ್ನು (ಮೊರವನ್ನು) ತೊಡೆಯ ಮೇಲಿಟ್ಟುಕೊಂಡು, ಕತ್ತರಿಸಿದ ಎಲೆಯಲ್ಲಿ ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟುವಾಗ ಎಡಮಗ್ಗುಲಲ್ಲಿ ನನ್ನ ತಮ್ಮ ಮೊಲೆ ಕುಡಿಯುತ್ತಿರುತ್ತಿದ್ದ. ಮಧ್ಯಾಹ್ನದ ಗಂಜಿ ಆರಿ ಕೆನೆಗಟ್ಟುವವರೆಗೂ ಪಕ್ಕದಲ್ಲೇ ಇರುತ್ತಿತ್ತು. ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಒಯ್ದಾಗ ಎಲೆ ಸರಿಯಿಲ್ಲ, ಸುತ್ತು ಸಡಿಲ ಎಂದು ಕೆಲವು ಕಟ್ಟುಗಳನ್ನು ತೆಗೆದುಹಾಕಿದರೆ ಆ ಶ್ರಮ ಹೋದಂತೆಯೇ. ಕಂಪನಿಯಿಂದ ಎಲೆ ಬಾರದ ವಾರಗಳೂ ಇರುತ್ತಿದ್ದವು. ಆ ವಾರಗಳಲ್ಲಿ ಅಮ್ಮ ಕೆಲಸವಿಲ್ಲದೆ ಹಗುರವಾಗಿರಬೇಕಿತ್ತು, ಆದರೆ ಅವರು ಮಾತೇ ಬಿಟ್ಟುಬಿಡುತ್ತಿದ್ದರು. ನಾವು ಮಕ್ಕಳು ಅದನ್ನು ಕೋಪವೆಂದು ತಿಳಿದು ದೂರ ಇರುತ್ತಿದ್ದೆವು.

ವೈದ್ಯರಲ್ಲಿ ಒಂದು ಪ್ರಶ್ನೆ: ತಾಯಿಯ ಈ ಸ್ಥಿತಿಯಿಂದ ಮಕ್ಕಳ ಮೇಲಾಗುವ ಪರಿಣಾಮವನ್ನು ಯಾರಾದರೂ ಅಳೆದಿದ್ದಾರೆಯೇ? ನಮ್ಮ ತರಗತಿಗಳಲ್ಲಿ ಇಂಥ ಮನೆಗಳ ಮಕ್ಕಳು ಮೌನವಾಗಿ ಹಿಂದೆ ಕುಳಿತಿರುವುದನ್ನು ಕಾಣುತ್ತೇನೆ.

ವಾಸ್ಕೋದಿಂದ ಒಬ್ಬ ದಾದಿ

ಬಂಟ್ವಾಳದ ಟೀಚರ್, ನಿಮ್ಮ ಪ್ರಶ್ನೆಗೆ ನಾನೇ ಉತ್ತರಿಸಲು ಪ್ರಯತ್ನಿಸುತ್ತೇನೆ. ಮೂಲತಃ ನಾನು ಬಾಗಲಕೋಟೆಯವಳು. ಗೋವಾದಲ್ಲಿ ಕಟ್ಟಡ ಕೆಲಸ, ಮೀನುಗಾರಿಕೆ ಧಕ್ಕೆಯ ಕೆಲಸ, ಮನೆಗೆಲಸ ಮಾಡುವವರಲ್ಲಿ ಉತ್ತರ ಕರ್ನಾಟಕದವರು ಬಹಳ ಮಂದಿ ಇದ್ದಾರೆ, ಆದ್ದರಿಂದ ಇಲ್ಲಿ ನಡೆದ ಅಧ್ಯಯನಗಳು ನಮಗೆ ದೂರದವಲ್ಲ.

ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಗೋವಾದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರರಿಂದ ಎಂಟು ವಾರಗಳ ಹೊತ್ತಿಗೆ ಶೇಕಡ 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂತು. ಬಡತನ ಮತ್ತು ಗಂಡನ ಜತೆಗಿನ ಕೆಟ್ಟ ಸಂಬಂಧ ಮುಖ್ಯ ಕಾರಣಗಳಾಗಿದ್ದವು. ಹೆಣ್ಣುಮಗು ಹುಟ್ಟಿದ್ದೂ ಆ ಹೊರೆಯನ್ನು ಹೆಚ್ಚಿಸುತ್ತಿತ್ತು. ಅವರಲ್ಲಿ ಬಹುಪಾಲು ಮಂದಿಗೆ ಸಂಕಟ ಬಸುರಿನಲ್ಲೇ ಆರಂಭವಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರು ತಿಂಗಳಾದರೂ ಇಳಿದಿರಲಿಲ್ಲ. ತಾಯಿಯ ಖಿನ್ನತೆಗೂ ಮಗುವಿನ ತೂಕ, ಎತ್ತರ ಕುಂಠಿತವಾಗುವುದಕ್ಕೂ ನಂಟಿದೆಯೆಂದು ದಕ್ಷಿಣ ಏಷ್ಯಾದ ಹಲವು ಅಧ್ಯಯನಗಳು ತೋರಿಸಿವೆ.

ಪರಿಹಾರದ ಕಡೆಗೂ ಆಧಾರಗಳಿವೆ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಿನ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳಾ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು ಖಿನ್ನತೆಯಿದ್ದ ಬಸುರಿ ಬಾಣಂತಿಯರ ಮನೆಗೆ ಹೋಗಿ ಮಾತನಾಡಿಸುವ ಕ್ರಮವೊಂದನ್ನು ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆರಿಗೆಯಾದ ಆರು ತಿಂಗಳಿಗೆ ಈ ನೆರವು ಪಡೆದವರಲ್ಲಿ ಶೇಕಡ 23, ಪಡೆಯದವರಲ್ಲಿ ಶೇಕಡ 53 ಮಂದಿ ಖಿನ್ನತೆಯಲ್ಲೇ ಇದ್ದರು. ಆರೋಗ್ಯ ಸಿಬ್ಬಂದಿಯಲ್ಲದ ಅಕ್ಕಪಕ್ಕದ ತಾಯಂದಿರಿಂದಲೇ ಈ ಕೆಲಸ ಮಾಡಿಸುವ ರೂಪವನ್ನು ಗೋವಾದಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು, ಲಾಭ ಸಾಧಾರಣವಾಗಿತ್ತು. ಮಾತಿಗೆ ಬಲವಿದೆ, ಆದರೆ ಮಾತು ಮುಗಿಸಿ ಎದ್ದು ಬಂದ ಮೇಲೆ ಡಬ್ಬಿಯಲ್ಲಿ ಬೇಳೆ ಇರಬೇಕು ಎಂಬುದು ನನ್ನ ಅನುಭವ. ಅದನ್ನು ಈ ಕ್ರಮಗಳು ಒದಗಿಸುವುದಿಲ್ಲ.

ಮನೆಗೆಲಸ ಕಾರ್ಮಿಕರ ಸಂಘದ ಕಾರ್ಯಕರ್ತೆ, ಬೆಂಗಳೂರು

ದಾದಿಯವರ ಕೊನೆಯ ಮಾತಿನಿಂದ ಕಾನೂನಿನ ಕಡೆಗೆ ಹೊರಳುತ್ತೇನೆ. ನೌಕರಿಯಲ್ಲಿರುವ ಹೆಣ್ಣುಮಗಳಿಗೆ ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯ ನಂತರ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಇದೆ. ಅದು ನ್ಯಾಯವಾದದ್ದೇ. ಆದರೆ ಆಕೆಯ ಮನೆಯಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳು ಆ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಆಹಾರ ಭದ್ರತಾ ಕಾಯಿದೆ ಸರ್ಕಾರಿ ನೌಕರಿಯಲ್ಲಿ ಇಲ್ಲದ, ಬೇರೆ ಕಾಯಿದೆಯಡಿ ಇಂಥ ನೆರವು ಪಡೆಯದ ಪ್ರತಿ ಗರ್ಭಿಣಿ, ಬಾಣಂತಿಗೆ ಕನಿಷ್ಠ 6,000 ರೂಪಾಯಿಯ ಹೆರಿಗೆ ನೆರವನ್ನು ಹಕ್ಕಾಗಿ ಹೇಳಿತು. ಅದನ್ನು ಜಾರಿಗೊಳಿಸಲು ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಮೊದಲ ಮಗುವಿಗೆ 5,000 ರೂಪಾಯಿಯನ್ನು ಕಂತುಗಳಲ್ಲಿ ಕೊಡುತ್ತದೆ. ಎರಡನೆಯದಕ್ಕೆ ಹೆಣ್ಣಾದರೆ ಮಾತ್ರ. ಎರಡನೆಯದು ಗಂಡಾದರೆ ತಾಯಿಗೆ ಹಸಿವಾಗುವುದಿಲ್ಲವೇ? ಒಡಿಶಾ 2011ರಿಂದ ತನ್ನದೇ ಮಮತಾ ಯೋಜನೆಯನ್ನು ಎರಡು ಹೆರಿಗೆಗಳಿಗೂ ನಡೆಸಿತು. ತಮಿಳುನಾಡು ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಹಣ ಮತ್ತು ಪೌಷ್ಟಿಕ ಆಹಾರದ ಕಿಟ್ ಸೇರಿ 18,000 ರೂಪಾಯಿಯವರೆಗೆ ಏರಿಸಿತು. ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು 2004ರಲ್ಲೇ ಗೊತ್ತುಪಡಿಸಿ ದೇಶಕ್ಕೆ ದಾರಿ ತೋರಿಸಿದ ಕರ್ನಾಟಕಕ್ಕೆ ಇದು ಸಾಧ್ಯವಿಲ್ಲವೆಂದು ನಾನು ನಂಬುವುದಿಲ್ಲ.

ಬಾಣಂತನ ಮುಗಿಯುವ ಮೊದಲೇ ಕೆಲಸಕ್ಕೆ ಓಡಬೇಕಾಗುವುದು, ಬಿಟ್ಟ ಮನೆಗೆ ಬೇರೆಯವರು ಸೇರಿಬಿಡುತ್ತಾರೆಂಬ ಭಯದಿಂದ. ಕೈಯಲ್ಲಿ ಆರು ತಿಂಗಳ ಹಣವಿದ್ದರೆ ಆ ಭಯದ ಅರ್ಧ ಭಾಗ ಇಳಿಯುತ್ತದೆ.

ನಿವೃತ್ತ ಆಹಾರ ನಿರೀಕ್ಷಕ, ಹಾಸನ

ಸಂಘದ ಸಹೋದರಿ ಯಜಮಾನಿಯ ಬಗ್ಗೆ ಬರೆದದ್ದನ್ನು ಎರಡು ಬಾರಿ ಓದಿದೆ. ಇಲಾಖೆಯಲ್ಲಿದ್ದವನಾಗಿ ಹೇಳುವುದಾದರೆ, ಒಂದು ಕುಟುಂಬಕ್ಕೆ ಎಷ್ಟು ಧಾನ್ಯ ಹೋಯಿತೆಂಬುದಕ್ಕೆ ನಮ್ಮಲ್ಲಿ ಪಕ್ಕಾ ದಾಖಲೆ ಇರುತ್ತದೆ, ಆ ಕುಟುಂಬದಲ್ಲಿ ಯಾರು ಉಂಡರೆಂಬುದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಆದರೆ ಕಾರ್ಡಿನ ಹೊರಗೆ ಇನ್ನೊಂದು ದಾರಿಯಿದೆ. ಗರ್ಭಿಣಿ ನೋಂದಣಿಯಾದಾಗ ಕೊಡುವ ತಾಯಿ ಕಾರ್ಡ್ ಸೊಸೆಯ ಸ್ವಂತ ಹೆಸರಿನಲ್ಲಿರುತ್ತದೆ. ತಾಯಿಗೆ ಸೇರಬೇಕಾದ ಬೇಳೆ, ಎಣ್ಣೆ, ಶೇಂಗಾವನ್ನು ಆ ಕಾರ್ಡಿಗೆ ಜೋಡಿಸಿದರೆ ಅತ್ತೆ ಸೊಸೆಯರ ನಡುವೆ ಜಗಳವನ್ನೂ ತಂದಿಡಬೇಕಾಗಿಲ್ಲ. ಗಂಡನ ಕುಡಿತದ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೆಯೇ ಇದೆ.

ವರ್ತೂರಿನ ಆರೋಗ್ಯ ಕಾರ್ಯಕರ್ತೆ

ಸರ್ ಹೇಳಿದ ತಾಯಿ ಕಾರ್ಡಿನ ಸಲಹೆ ನಾನು ಹುಡುಕುತ್ತಿದ್ದ ಜಾಗಕ್ಕೇ ಕರೆದೊಯ್ಯುತ್ತದೆ. ತಾಯಿಯೊಬ್ಬಳನ್ನೇ ಮಾತನಾಡಿಸುವ ಅವಕಾಶಗಳು ಈಗಾಗಲೇ ಇವೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಹೋಗಬೇಕು. ಆಮೇಲೆ ಮೂರನೇ ತಿಂಗಳಿನಿಂದ ಹದಿನೈದನೇ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಹೋಗಬೇಕು. ಆ ಭೇಟಿಗಳಲ್ಲಿ ಮಗುವಿನ ತೂಕ, ಮಗುವಿನ ಹಾಲು, ಮಗುವಿನ ಲಸಿಕೆ ಇವುಗಳೇ ಮುಖ್ಯವಾಗಿಬಿಡುತ್ತವೆ. ಮನಸ್ಸಿಗೆ ಸಂಬಂಧಿಸಿದ ಎರಡು ಪ್ರಶ್ನೆಗಳು ಆಶಾ ಅವರ ಇನ್ನೊಂದು ನಮೂನೆಯಲ್ಲಿ ಇವೆ, ಆದರೆ ಆ ನಮೂನೆ 30 ವರ್ಷ ದಾಟಿದವರಿಗೆ. ನಮ್ಮ ವಸತಿಗಳ ತಾಯಂದಿರಲ್ಲಿ ಹೆಚ್ಚಿನವರಿಗೆ ಇನ್ನೂ ಇಪ್ಪತ್ತೈದು ಆಗಿರುವುದಿಲ್ಲ.

ಹಾಗಾಗಿ ಮಗುವಿನ ಭೇಟಿಯಲ್ಲೇ ತಾಯಿಗೆಂದು ಕೆಲವೇ ಪ್ರಶ್ನೆಗಳನ್ನು ಸೇರಿಸಬೇಕೆಂಬುದು ನನ್ನ ಒತ್ತಾಯ. ನಿನ್ನೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೀವು ಏನು ಉಂಡಿರಿ. ಈ ತಿಂಗಳು ಮಕ್ಕಳಿಗಾಗಿ ನಿಮ್ಮ ಊಟ ಬಿಟ್ಟ ದಿನಗಳಿದ್ದವೇ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲ, ಮನಸ್ಸು ಕುಗ್ಗಿದೆ ಎನಿಸಿತ್ತೇ. ಬದುಕುವುದೇ ಬೇಡ ಎನಿಸಿದ್ದುಂಟೇ. ಕೊನೆಯ ಪ್ರಶ್ನೆ ಕೇಳಲು ಅನೇಕರು ಹೆದರುತ್ತಾರೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಬಾಣಂತಿಯರ ಖಿನ್ನತೆಯನ್ನು ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯ ಹತ್ತನೆಯ ಪ್ರಶ್ನೆಯೂ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕೇಳುತ್ತದೆ. ಹೌದು ಎಂದವರನ್ನು ಒಂಟಿಯಾಗಿ ಬಿಡಬಾರದು, ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ಇದನ್ನು ಓದುತ್ತಿರುವ ಯಾವ ತಾಯಿಗಾದರೂ ಈ ಸಂಖ್ಯೆ ಬೇಕಾಗಿದ್ದರೆ ಬರೆದಿಟ್ಟುಕೊಳ್ಳಿ.

ಕೇಳಿದ ಮೇಲೆ ಕೊಡಲು ಏನೂ ಇಲ್ಲದಿದ್ದರೆ ಕೇಳುವುದು ಕ್ರೂರವಾಗುತ್ತದೆ ಎಂಬ ಆಕ್ಷೇಪವನ್ನು ನಮ್ಮ ತಂಡದಲ್ಲೇ ಎತ್ತಿದ್ದಾರೆ, ಅದರಲ್ಲಿ ಹುರುಳಿದೆ. ಅದಕ್ಕಾಗಿಯೇ ಉತ್ತರ ಬಂದ ಕೂಡಲೇ ಅಂಗನವಾಡಿಯ ಊಟವೂ ಆಸ್ಪತ್ರೆಯ ಚೀಟಿಯೂ ಒಟ್ಟಿಗೆ ಸಿಗುವಂತಿರಬೇಕು. ದೇವದುರ್ಗದ ಟೀಚರ್ ಅವರಲ್ಲಿ ಕೇಳುತ್ತೇನೆ: ಮಧ್ಯಾಹ್ನದ ಊಟವನ್ನು ಕೂಲಿಗೆ ಹೊರಡುವ ಮೊದಲು ಅಥವಾ ಮರಳಿದ ಮೇಲೆ ಕೊಡಲು ಸ್ಥಳೀಯವಾಗಿ ಅವಕಾಶವಿದೆಯೇ?

ಅಂಗನವಾಡಿ ಟೀಚರ್, ದೇವದುರ್ಗ ತಾಲ್ಲೂಕು

ಮೇಡಂ, ಸಮಯ ಬದಲಿಸುವ ಅಧಿಕಾರ ನನಗಿಲ್ಲ, ಅದಕ್ಕೆ ಮೇಲ್ವಿಚಾರಕಿಯವರ ಒಪ್ಪಿಗೆ ಬೇಕು. ನಮ್ಮ ಕೆಲಸದ ಹೊತ್ತನ್ನೂ ನೋಡಬೇಕು; ಸಹಾಯಕಿಗೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಆಕೆಯ ಗೌರವಧನವೂ ಅಷ್ಟಕ್ಕಷ್ಟೇ. ನಮ್ಮ ಮೇಲೆ ಇನ್ನೊಂದು ಕೆಲಸ ಹೊರಿಸುವಾಗ ಅದಕ್ಕೆ ತಕ್ಕ ಹಣವನ್ನೂ ಕೇಳಬೇಕೆಂದು ಎಲ್ಲರಲ್ಲಿ ವಿನಂತಿ, ಏಕೆಂದರೆ ನಾವೂ ಇದೇ ಸಾಲಿನ ತಾಯಂದಿರು.

ಇಷ್ಟು ಮಾಡಬಹುದು. ಬೆಳಿಗ್ಗೆ ಹೊಲಕ್ಕೆ ಹೋಗುವವರು ಕೂಸನ್ನು ಬಿಡಲು ಕೇಂದ್ರಕ್ಕೆ ಬಂದೇ ಬರುತ್ತಾರೆ. ಮೊಟ್ಟೆ, ಹಾಲು, ಚಿಕ್ಕಿಯನ್ನು ಆ ಹೊತ್ತಿಗೇ ಕೊಟ್ಟು ಅಲ್ಲೇ ತಿನ್ನಿಸಿ ಕಳುಹಿಸುವುದು ಕಷ್ಟವಲ್ಲ, ಅನ್ನ ಸಾಂಬಾರನ್ನು ಬುತ್ತಿಗೆ ಕಟ್ಟಿಕೊಡುವುದು ನಿಯಮಕ್ಕೆ ಹೊಂದುತ್ತದೆಯೇ ಎಂದು ಕೇಳಬೇಕು. ಅಂಗನವಾಡಿಯ ಬಾಲವಿಕಾಸ ಸಮಿತಿಯ ಈ ತಿಂಗಳ ಸಭೆಯಲ್ಲಿ ಇದನ್ನು ಬರವಣಿಗೆಯಲ್ಲಿ ಇಡುತ್ತೇನೆ. ಕೂಲಿಗೆ ಹೋಗುವವರ ಕೂಸುಗಳನ್ನು ನೋಡಿಕೊಳ್ಳುವ ಪಂಚಾಯಿತಿಯ ಕೂಸಿನ ಮನೆ ನಮ್ಮ ಊರಿನಲ್ಲಿ ಆರಂಭವಾಗಿಲ್ಲ, ಅದರ ಬೇಡಿಕೆಯನ್ನೂ ಸೇರಿಸುತ್ತೇನೆ. ಹಾಸನದ ಸರ್ ಅವರು ತಾಯಿ ಕಾರ್ಡಿನ ವಿಷಯವನ್ನು ಇಲಾಖೆಯ ಭಾಷೆಯಲ್ಲಿ ಒಂದು ಪುಟದಷ್ಟು ಬರೆದು ಇಲ್ಲಿ ಹಾಕಿದರೆ ಅರ್ಜಿಯ ಜತೆಗೆ ಲಗತ್ತಿಸುತ್ತೇನೆ.

ನಿವೃತ್ತ ಆಹಾರ ನಿರೀಕ್ಷಕ, ಹಾಸನ

ಟೀಚರ್ ಅಮ್ಮಾ, ಭಾನುವಾರದೊಳಗೆ ಬರೆದು ಹಾಕುತ್ತೇನೆ. ನಿಮ್ಮ ಕೇಂದ್ರದಲ್ಲಿ ಹೆಸರಿದ್ದೂ ಊಟಕ್ಕೆ ಬಾರದ ತಾಯಂದಿರು ಎಷ್ಟು ಮಂದಿ, ಅವರಲ್ಲಿ ಯಾರ ಯಾರ ಪಡಿತರ ಚೀಟಿ ಅತ್ತೆಯ ಹೆಸರಿನಲ್ಲಿದೆ ಎಂಬುದನ್ನು ಹೆಸರು ಬರೆಯದೆ, ಸಂಖ್ಯೆಯಲ್ಲಿ ಮಾತ್ರ ತಿಳಿಸಿದರೆ ಅರ್ಜಿಗೆ ಬಲ ಬರುತ್ತದೆ.